ಮಾನಪ್ಪನ ದಂಡಿಗೆ ನಾನು ಪೀಠ ಕಟ್ಟಿದ್ದು

ಮಾನಪ್ಪನ ಕೊನೆಯ ದಂಡಿಗೆ ಪೀಠ ಕಟ್ಟುವವನು ನಾನೇ, ಮತ್ತೊಬ್ಬನ ಕೈ ಅದಕ್ಕೆ ತಾಗಕೂಡದು ಎಂದು ನಾನು ಇಂಡಿಯಲ್ಲಿ ಅವನ ಮನೆಯ ಪಡಸಾಲೆಯಲ್ಲಿ ಕುಳಿತು ಘೋಷಿಸಿದೆ. ಆಗ ನನ್ನ ಕೈಯಲ್ಲಿ ಚಹಾದ ಬಸಿ ಇತ್ತು. ಎದುರಿಗೆ ಅವನ ಹೆಂಡತಿ ಹುಲಿಗೆವ್ವ ಕುಳಿತಿದ್ದಳು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಮಾನಪ್ಪ ಇದ್ದ. ಇಂಥ ಕಡೆ ಮನುಷ್ಯನಿಗೆ ಎದೆ ತುಂಬಿ ಬರುತ್ತದೆ; ಎದೆ ತುಂಬಿದವನು ತನಗೆ ಬಾರದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತಾನೆ. ನನ್ನ ಕೈಯಿಂದ ಅದುವರೆಗೆ ಗೋಡೆಗೆ ಒಂದು ಮೊಳೆಯೂ ನೆಟ್ಟಗೆ ಇಳಿದದ್ದಿಲ್ಲ. ಆದರೂ ಘೋಷಿಸಿದೆ!

ದಂಡು ಎಂದೆನೆಂದು ಓದುಗರು ಗಾಬರಿಯಾಗಬಾರದು. ಹೆಬ್ಬೆರಳಿನಷ್ಟೆತ್ತರದ ಸೈನಿಕರ ದಂಡು ಅದು. ಮಾನಪ್ಪ ಇಂಡಿಯ ಸಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಹರೆಯದಲ್ಲಿ ಚಿತ್ರಕಲೆ ಕಲಿಯಲು ಪುಣೆಗೆ ಹೋದವನು ಅಲ್ಲಿನ ಯಾವುದೋ ಹಾಸ್ಟೆಲ್ಲಿನ ಕೋಣೆಯಲ್ಲಿ ಒಂದು ಆಟವನ್ನೂ ಕಲಿತು ಬಂದ. ದೊಡ್ಡ ಮೇಜಿನ ಮೇಲೆ ಎರಡು ದಂಡು ಎದುರುಬದುರು ನಿಲ್ಲುತ್ತವೆ. ಸೈನಿಕರನ್ನು ದಾರ ಹಿಡಿದು ಅಳೆದು ಮುಂದೆ ಸರಿಸಬೇಕು. ಯಾರು ಬಿದ್ದರು, ಯಾರು ಉಳಿದರು ಎಂಬುದನ್ನು ದಾಳ ಹೇಳುತ್ತದೆ. ಡಿಪ್ಲೊಮಾ ಅವನಿಗೆ ನೌಕರಿ ಕೊಟ್ಟಿತು, ಆಟ ಅವನಿಗೆ ನಮ್ಮನ್ನು ಕೊಟ್ಟಿತು. ಎರಡರಲ್ಲಿ ಯಾವುದರಿಂದ ಮನೆಗೆ ಹೆಚ್ಚು ನುಕ್ಸಾನಾಯಿತು ಎಂದು ಹುಲಿಗೆವ್ವ ಆಗಾಗ ಕೇಳುತ್ತಿದ್ದಳು.

ನಾವು ಎಂದರೆ, ಸಿಂದಗಿಯಲ್ಲಿ ಹೈಸ್ಕೂಲಿಗೆ ಇತಿಹಾಸ ಹೇಳುವ ರೇವಪ್ಪ, ಅಂದರೆ ನಾನು; ಮುದ್ದೇಬಿಹಾಳದ ಖಾಜಾಸಾಬ, ಸರ್ವೇ ಇಲಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು; ಬಸವನ ಬಾಗೇವಾಡಿಯ ಗುರುಲಿಂಗಪ್ಪ, ಕಾಳಿನ ವ್ಯಾಪಾರಿ. ಪ್ರತಿ ಬೇಸಿಗೆ ರಜೆಯಲ್ಲಿ ಈ ನಾಲ್ಕು ಊರುಗಳ ಪೈಕಿ ಒಂದರಲ್ಲಿ ನಮ್ಮ ಪಂದ್ಯಾವಳಿ. ನಾಲ್ವರ ಬೆನ್ನು ಹಿಡಿದು ಬ್ಯಾಂಕಿನವರು, ಕಂಪೌಂಡರರು, ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರು ಕೂಡ ಬರುತ್ತಿದ್ದರು. ಯುದ್ಧ ಮಾತ್ರ ಯಾವಾಗಲೂ ಒಂದೇ: ಮುದ್ದೇಬಿಹಾಳ ತಾಲೂಕಿನ ಕೃಷ್ಣಾ ದಂಡೆಯಲ್ಲಿ ಹಂಪಿಯ ದಂಡಿಗೂ ಸುಲ್ತಾನರ ದಂಡಿಗೂ ನಡೆದದ್ದು. ಯಾರಿಗೆ ಯಾವ ದಂಡು ಎಂದು ಚೀಟಿ ಎತ್ತುತ್ತಿದ್ದೆವು. ಖಾಜಾಸಾಬರ ಕೈಗೆ ಬಂದಾಗಲೆಲ್ಲ ಹಂಪಿ ಗೆದ್ದದ್ದೇ ಗೆದ್ದದ್ದು. ಇತಿಹಾಸವನ್ನು ಹೀಗೆ ತಿದ್ದಿದ್ದಕ್ಕೆ ನಮ್ಮ ಮೇಲೆ ಯಾರೂ ಕೇಸು ಹಾಕಲಿಲ್ಲ.

ಇನ್ನು ಪೀಠ. ಸೈನಿಕ ಬೀಳದೆ ನಿಲ್ಲಬೇಕಾದರೆ ಕಾಲ ಕೆಳಗೆ ದುಂಡನೆಯದೊಂದು ಬಿಲ್ಲೆ ಬೇಕು. ಅದೇ ಪೀಠ. ನೋಡಲು ಸಣ್ಣ ಸಂಗತಿ, ಜಗಳ ಮಾತ್ರ ದೊಡ್ಡದು! ಮೊದಲ ವರ್ಷ ಗುರುಲಿಂಗಪ್ಪ ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಸೈನಿಕರನ್ನು ನಿಲ್ಲಿಸಿಕೊಂಡು ಬಂದ. ಖಾಜಾಸಾಬರು ಅಂಗಿಯ ಗುಂಡಿಗಳ ಮೇಲೆ. ಗುಂಡಿಯವರು ಬಸ್ಸಿನ ಮೂರು ಜನರ ಸೀಟಿನಲ್ಲಿ ಐದು ಜನ ಕುಳಿತಂತೆ ಒತ್ತೊತ್ತಾಗಿ ನಿಂತು, ಒಬ್ಬೊಬ್ಬ ಮುಚ್ಚಳದವನ ಮೇಲೆ ಮೂವರು ಮೂವರು ಬಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ನಿಜವಾದ ಮನುಷ್ಯರೇ ಕೊರಳಪಟ್ಟಿ ಹಿಡಿದಿದ್ದರು. ಆಗ ಮಾನಪ್ಪ ಕಾಯ್ದೆ ಮಾಡಿದ: ಪೀಠ ಒಂದು ರೂಪಾಯಿ ನಾಣ್ಯದಷ್ಟೇ ಇರಬೇಕು. ಪೀಠವನ್ನು ನಾಣ್ಯದ ಮೇಲಿಟ್ಟರೆ ನಾಣ್ಯವೂ ಕಾಣಬಾರದು, ಪೀಠವೂ ಹೊರಗೆ ಚಾಚಬಾರದು. ಅಳತೆಗೆ ಬಾರದ ದಂಡು ಮೇಜು ಹತ್ತುವಂತಿಲ್ಲ. ಅಳತೆಯೊಂದು ಸರಿ ಇದ್ದರೆ ಸಾಕು, ಪೀಠದ ಮೇಲೆ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ.

ಈ ‘ಏನು ಬೇಕಾದರೂ’ ಎಂಬುದರಲ್ಲಿ ಮಾನಪ್ಪನನ್ನು ಮೀರಿಸಿದವರಿಲ್ಲ. ನಮ್ಮ ಪೀಠಗಳು ಬರೀ ರಟ್ಟಿನ ಬಿಲ್ಲೆಗಳು. ಅವನ ಒಂದೊಂದು ಪೀಠವೂ ಒಂದೊಂದು ತುಂಡು ನೆಲ. ಒಂದರ ಮೇಲೆ ಜೋಳದ ಕೂಳೆ, ಇನ್ನೊಂದರ ಮೇಲೆ ಸಾಸಿವೆ ಕಾಳಿನಷ್ಟು ಸುಣ್ಣದ ಹರಳು, ಮತ್ತೊಂದರ ಮೇಲೆ ಕುದುರೆ ಕಾಲೂರಿದ ಗುರುತು. “ಇಷ್ಟ ಯಾಕೋ ಮಾನಪ್ಪ, ಯಾರ ನೋಡ್ತಾರ?” ಎಂದು ಒಮ್ಮೆ ಕೇಳಿದ್ದೆ. “ಅಂವ ಎಲ್ಲಿ ನಿಂತಾನಂತ ತಿಳೀಲಿಲ್ಲಂದ್ರ, ಯಾಕ ನಿಂತಾನಂತನೂ ತಿಳಿಯೂದಿಲ್ಲ ದೋಸ್ತ” ಎಂದಿದ್ದ. ಇತಿಹಾಸದ ಪಾಠವನ್ನು ಅಷ್ಟು ಚೊಕ್ಕವಾಗಿ ನನಗೆ ಯಾವ ಯುನಿವರ್ಸಿಟಿಯೂ ಹೇಳಿಕೊಡಲಿಲ್ಲ.

ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಸಂಕ್ರಾಂತಿ ಮುಗಿಯುತ್ತಿದ್ದಂತೆ ಅವನು ಹಾಸಿಗೆ ಹಿಡಿದ. ಮೂತ್ರಪಿಂಡ ಎಂದರು. ಸೊಲ್ಲಾಪುರಕ್ಕೆ ಒಯ್ದರು. ನಾನು ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಹೋಗಲು ಚೀಲ ಕಟ್ಟಿಕೊಂಡು ನಿಂತಾಗ ಫೋನು ಬಂತು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಮನೆಯಲ್ಲಿ ಪುಸ್ತಕಗಳಿಗೇನೂ ಕೊರತೆಯಿಲ್ಲ. ಸಾವಿನ ಬಗ್ಗೆ ದೊಡ್ಡವರು ಬರೆದದ್ದನ್ನೆಲ್ಲ ತೆಗೆದು ಓದಿದೆ. ಎಲ್ಲರೂ ಸರಿಯಾಗಿಯೇ ಬರೆದಿದ್ದಾರೆ. ಆದರೆ ಅವರಲ್ಲಿ ಯಾರಿಗೂ ಮಾನಪ್ಪನ ಗುರುತಿರಲಿಲ್ಲ.

ಕೊನೆಯ ದಂಡು ಅವನ ಮನೆಯಲ್ಲಿ ಒಂದು ತಗಡಿನ ಡಬ್ಬಿಯಲ್ಲಿತ್ತು. ವಿಜಾಪುರದ ದಂಡು. ಸೈನಿಕರ ಹುಬ್ಬು, ಮುಂಡಾಸಿನ ಮಡಿಕೆ, ಆನೆಯ ಕಾಲಿನ ಉಗುರು, ಎಲ್ಲ ಮುಗಿದಿತ್ತು. ಪೀಠಗಳನ್ನು ಮಾತ್ರ ಅವನು ಕಟ್ಟಿರಲಿಲ್ಲ. ಒಬ್ಬೊಬ್ಬನ ಕಾಲಿನಿಂದಲೂ ಕೆಳಗೆ ತಂತಿಯ ತುದಿ ಚಾಚಿಕೊಂಡಿತ್ತು, ಅಷ್ಟೇ.

“ಇವು ನಿಂದರೂದಿಲ್ಲ ಅಣ್ಣಾರ,” ಎಂದಳು ಹುಲಿಗೆವ್ವ, ಡಬ್ಬಿಯ ಮುಚ್ಚಳ ತೆರೆದು. “ಎಲ್ಲಾ ಮಲಗೇ ಅದಾವು. ಇಷ್ಟ ವರ್ಷ ಈ ಆಟಕ್ಕ ಬೈಕೋತ ಬಂದೆ, ಒಂದ ದಿನ ಬಂದು ನೋಡಲಿಲ್ಲ. ಈಗ ಅನಸಾಕತ್ತೇತಿ. ಒಂದ್ಸಲ ಇವು ಎದ್ದು ನಿಂತದ್ದ ನೋಡ್ತೇನಿ. ಈ ಸಲದ ಆಟಕ್ಕ ಬಾಗೇವಾಡಿಗೆ ನಾನೂ ಬರ್ತೇನಿ.”

ಆಗಲೇ ನಾನು ಮೇಲೆ ಹೇಳಿದ ಘೋಷಣೆ ಮಾಡಿದ್ದು. ಡಬ್ಬಿ ಎದೆಗೆ ಅವಚಿಕೊಂಡು ಸಿಂದಗಿಗೆ ಬಂದೆ.

ಬರುವಾಗ ಬಸ್ಸಿನಲ್ಲಿ ನನಗೊಂದು ಮಹಾ ವಿಚಾರ ಹೊಳೆಯಿತು. ಮಾನಪ್ಪನ ಹೊಲ ಝಳಕಿಯ ಹತ್ತಿರ ಇದೆ. ಅದೇ ಹೊಲದ ಮಣ್ಣಿನಿಂದ ಪೀಠ ಕಟ್ಟಿದರೆ? ಅವನ ದಂಡು ಅವನ ನೆಲದ ಮೇಲೆಯೇ ನಿಲ್ಲುತ್ತದೆ! ಹುಲಿಗೆವ್ವನಿಗೆ ಮೊದಲೇ ಹೇಳಬಾರದು, ಬಾಗೇವಾಡಿಯಲ್ಲಿ ತಾನೇ ನೋಡಲಿ. ಈ ವಿಚಾರಕ್ಕೆ ನಾನೇ ಕಣ್ಣು ತುಂಬಿಕೊಂಡೆ. ಪಕ್ಕದವನು ಕಿಟಕಿ ಮುಚ್ಚಿದ, ಧೂಳು ಬಿದ್ದಿತೆಂದು ತಿಳಿದು. ಮರುವಾರ ಝಳಕಿಗೆ ಹೋಗಿ ಒಂದು ಚೀಲ ಮಣ್ಣು ತಂದೆ.

ನನ್ನ ಹೆಂಡತಿ ಸುಮಂಗಲಾ ಬಾಗಿಲಲ್ಲೇ ತಡೆದಳು. “ಏನ್ರಿ ಇದು? ಹೊಲಾ ಖರೀದಿ ಮಾಡಿ, ಹೊತ್ಕೊಂಡ ಮನಿಗೆ ತಂದ್ರೇನು?”

“ಮಾನಪ್ಪನ ಹೊಲದ ಮಣ್ಣು. ಪೀಠಕ್ಕ.”

ಅವಳು ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿದಳು. “ಎರಿ ಮಣ್ಣು. ಹಸಿ ಇದ್ದಾಗ ಉಬ್ಬತೈತಿ, ಒಣಗಿದ್ರ ಬಿರಿತೈತಿ. ಬ್ಯಾಸಗ್ಯಾಗ ಹೊಲದಾಗ ಕಾಲ ಸಿಗೂವಷ್ಟು ಬಿರಕ ಬಿಡತಾವ. ನೀವೇನ ನೋಡಿಲ್ಲೇನು?”

“ನಾ ಎಂ.ಎ. ಮಾಡೇನಿ,” ಎಂದೆ.

“ಮಣ್ಣು ಮಾಡಿಲ್ಲಲ್ರಿ!” ಎಂದು ಒಳಗೆ ಹೋದಳು.

ನಾನು ಮಣ್ಣು ಸೋಸಿ, ನೀರು ಹಾಕಿ, ನಾದಿ, ಅವಳ ಲಟ್ಟಣಿಗೆಯಿಂದಲೇ ಲಟ್ಟಿಸಿದೆ. ರೂಪಾಯಿ ನಾಣ್ಯ ಇಟ್ಟು ಸುತ್ತಲೂ ಚಾಕು ಆಡಿಸಿದೆ. ಆಹಾ, ಏನು ಪೀಠಗಳು! ನಾಣ್ಯವನ್ನೇ ಮಣ್ಣಿನಲ್ಲಿ ಅಚ್ಚು ಹಾಕಿದಂತೆ! ಒಂದೊಂದರಲ್ಲೂ ಒಬ್ಬೊಬ್ಬನ ತಂತಿ ಚುಚ್ಚಿ ನಿಲ್ಲಿಸಿ, ಮಾಳಿಗೆಯ ಮೇಲೆ ಒಣಗಲು ಇಟ್ಟೆ. ಒಂದು ಕಡೆ ಸುಮಂಗಲಾಳ ಸಂಡಿಗೆ, ಇನ್ನೊಂದು ಕಡೆ ವಿಜಾಪುರದ ದಂಡು. ನಡುವೆ ನಾನು ಕೋಲು ಹಿಡಿದು ಕಾಗೆ ಕಾಯುತ್ತ ಕುಳಿತೆ. ಎರಡೂ ಕಡೆಯ ಸೇನಾಧಿಪತಿ ನಾನೇ!

ಸಂಜೆ ನೋಡಿದರೆ ಸಂಡಿಗೆ ಗರಿಗರಿಯಾಗಿತ್ತು. ನನ್ನ ರೂಪಾಯಿಗಳೆಲ್ಲ ಎಂಟಾಣೆಯಾಗಿದ್ದವು. ಕುಗ್ಗಿದ್ದಷ್ಟೇ ಅಲ್ಲ, ಒಂದೊಂದೂ ನಡುವೆ ಸೀಳಿತ್ತು. ಕಾಲಾಳುಗಳು ಒಂದು ಕಾಲು ಅತ್ತ, ಒಂದು ಕಾಲು ಇತ್ತ ಇಟ್ಟುಕೊಂಡು ಕಾಲುವೆ ದಾಟುವವರಂತೆ ನಿಂತಿದ್ದರು.

“ಹೊಟ್ಟು, ಸೆಗಣಿ ಕೂಡಿಸಿ ಕಲಸ್ರಿ,” ಎಂದಳು ಸುಮಂಗಲಾ, ಸಂಡಿಗೆ ಬುಟ್ಟಿಗೆ ತುಂಬುತ್ತ. “ನಮ್ಮಪ್ಪ ಮಾಳಗಿಗೆ ಹಂಗ ಮೆತ್ತಸ್ತಿದ್ದ. ಒಂದ ಗೆರಿ ಬಿರೀತಿರಲಿಲ್ಲ.”

“ಸೆಗಣಿ? ಮಾನಪ್ಪನ ದಳಪತಿಯ ಕಾಲ ಕೆಳಗ ಸೆಗಣಿ?”

“ನಿಮ್ಮ ದಳಪತಿ ಕುದುರಿ ಮ್ಯಾಲ ಕುಂತಾನಲ್ರಿ. ಕುದುರಿ ಹಿಂದ ಮತ್ತೇನ ಬಿದ್ದಿರತೈತಿ, ಅತ್ತರ?”

ಪಂಡಿತರು ಎಲ್ಲದಕ್ಕೂ ಉತ್ತರ ಕೊಡಬೇಕೆಂದು ಎಲ್ಲಿಯೂ ಬರೆದಿಲ್ಲ. ಅದರ ಬದಲು ಲೆಕ್ಕ ಹಾಕಿದೆ. ರೂಪಾಯಿ ಒಣಗಿ ಎಂಟಾಣೆಯಾಗುವುದಾದರೆ, ಒಣಗಿ ರೂಪಾಯಿ ಆಗಬೇಕಾದದ್ದು ಮೊದಲು ಎಷ್ಟಿರಬೇಕು? ತ್ರೈರಾಶಿಕ! ಆ ಅಳತೆಗೆ ಕತ್ತರಿಸಿದೆ. ಈ ಸಲ ಬಿಸಿಲಿಗೆ ಇಡದೆ ಕೋಣೆಯ ನೆರಳಿನಲ್ಲಿ ವಾರಗಟ್ಟಲೆ ಆರಿಸಿದೆ. ಸಾಲೆಗೆ ರಜೆ, ಬೇರೆ ಕೆಲಸವೂ ಇರಲಿಲ್ಲ, ಬೇರೆ ಕೆಲಸದಲ್ಲಿ ಮನಸ್ಸೂ ಇರಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಹೋಗಿ ಅವುಗಳ ಮುಂದೆ ಕೂಡುತ್ತಿದ್ದೆ. ಕೆಲವೊಮ್ಮೆ ಮಾನಪ್ಪನೊಡನೆ ಮಾತಾಡಿದಂತೆ ಒಂದೆರಡು ಮಾತು ಜೋರಾಗಿಯೇ ಬಂದುಬಿಡುತ್ತಿತ್ತು. ಸುಮಂಗಲಾ ಬಾಗಿಲ ಹತ್ತಿರ ಬಂದು, ಕೇಳಿ, ಸದ್ದಿಲ್ಲದೆ ತಿರುಗಿ ಹೋಗುತ್ತಿದ್ದಳು. ಆ ದಿನಗಳಲ್ಲಿ ಅವಳು ನನ್ನನ್ನು ಕಾಡಲಿಲ್ಲ.

ಒಣಗಿದ ಮೇಲೆ ನಾಣ್ಯ ಇಟ್ಟು ನೋಡಿದೆ. ಸರಿ! ಇನ್ನೊಂದು. ಸರಿ! ಎಲ್ಲವೂ ಸರಿ! ಪೊರಕೆಯ ಕಡ್ಡಿಯಿಂದ ಕೂಳೆ ಮಾಡಿದೆ, ಸುಣ್ಣದ ಹರಳು ಅಂಟಿಸಿದೆ. ಗೆಳೆಯನ ದಂಡು ಗೆಳೆಯನ ನೆಲದ ಮೇಲೆ ನಿಂತಿತು. ಸುಮಂಗಲಾಳನ್ನು ಕೂಗಿ ಕರೆದೆ. ಅವಳು ಬಗ್ಗಿ ನೋಡಿ, “ಚಲೋ ಆಗ್ಯಾವ್ರಿ” ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಬಿರುದು! ನಾನು ಅಲ್ಲಿಗೇ ನಿಲ್ಲಿಸಬೇಕಾಗಿತ್ತು.

ಬಾಗೇವಾಡಿಗೆ ಹೊರಡುವ ದಿನ ಬೆಳಗ್ಗೆ ನೋಡುತ್ತೇನೆ, ಆನೆಯ ಪೀಠದ ಮೇಲೆ ಕೂದಲೆಳೆಯಂಥ ಒಂದು ಬಿರುಕು. ಮೇ ತಿಂಗಳ ಬಿಸಿಲು, ಬಸ್ಸಿನ ತಗಡು ಕಾಯ್ದ ಹಂಚಾಗಿರುತ್ತದೆ. ಬಾಗೇವಾಡಿ ಮುಟ್ಟುವಷ್ಟರಲ್ಲಿ ಎಲ್ಲವೂ ಬಿರಿದರೆ? ಆಗ ಎಲೆ ಮಾರುವವರು ನೆನಪಾದರು. ವೀಳ್ಯದೆಲೆಯ ಪೆಂಡಿಯನ್ನು ಅವರು ಹಸಿ ಬಟ್ಟೆಯಲ್ಲಿ ಸುತ್ತಿಯೇ ಊರೂರಿಗೆ ಒಯ್ಯುವುದಲ್ಲವೇ? ಎಂಥ ಬಿಸಿಲಿಗೂ ಬಾಡುವುದಿಲ್ಲ. ಹಳೆಯ ಧೋತರವೊಂದನ್ನು ನೀರಲ್ಲಿ ಅದ್ದಿ, ಹಿಂಡಿ, ಡಬ್ಬಿಯ ತಳಕ್ಕೂ ಸುತ್ತಲೂ ಮೇಲಕ್ಕೂ ಹೊದಿಸಿದೆ.

“ಹಸಿ ಅರಿವಿ ಯಾಕ್ರಿ?”

“ಎಲಿ ಪೆಂಡಿ ನೋಡಿಲ್ಲೇನು?”

“ಎಲಿ ಹಸರ ಇರಲೆಂತ ಸುತ್ತತಾರ. ಇವೇನ ಚಿಗರಬೇಕೇನು?”

“ಬಸ್ಸಿಗೆ ಹೊತ್ತಾತು, ನಡಿ!” ಎಂದೆ.

ದೇವರ ಹಿಪ್ಪರಗಿ ದಾಟಿದ ಮೇಲೆ ಪಕ್ಕದ ಸೀಟಿನ ಅಜ್ಜ ತನ್ನ ಧೋತರ ಎತ್ತಿ ಹಿಡಿದು ನೋಡಿಕೊಂಡ. “ಏ ಮಾಸ್ತರ, ನಿಮ್ಮ ಡಬ್ಬಿ ಸೋರಾಕತ್ತೇತಿ. ಮೊಸರೇನು?”

“ಅಲ್ರಿ ಯಜಮಾನ್ರ, ದಂಡೈತಿ.”

“ದಿಂಡ? ಬಾಳಿ ದಿಂಡೇನು? ಪಲ್ಲೆ ಚಲೋ ಆಗತೈತಿ,” ಎಂದು ಅಜ್ಜ ಸಮಾಧಾನವಾಗಿ ಅತ್ತ ಸರಿದು ಕುಳಿತ. ಸುಮಂಗಲಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಅವಳ ಹೆಗಲು ಮಾತ್ರ ಅಲುಗುತ್ತಿತ್ತು.

ಗುರುಲಿಂಗಪ್ಪನ ಗೋದಾಮಿನ ಮೇಲಿನ ಹಾಲಿನಲ್ಲಿ ಮೇಜು ಸಿದ್ಧವಾಗಿತ್ತು. ಇಂಡಿಯಿಂದ ಹುಲಿಗೆವ್ವ ಆಗಲೇ ಬಂದು ಗೋಡೆ ಬದಿಯ ಕುರ್ಚಿಯಲ್ಲಿ, ಕುರ್ಚಿಯ ತುದಿಗೆ, ಯಾರಾದರೂ ಏಳು ಎಂದಾರೇನೋ ಎಂಬಂತೆ ಕುಳಿತಿದ್ದಳು. ಸುಮಂಗಲಾ ಹೋಗಿ ಅವಳ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. ಆ ವರ್ಷ ಪಂಚರು ಖಾಜಾಸಾಬರು. ಎದುರಿಗೆ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು, ಕನ್ನಡಕ ಒರೆಸಿಕೊಂಡು ಕುಳಿತಿದ್ದರು. ಎಲ್ಲರೂ ಎದ್ದು ನಿಂತರು. ಮಾನಪ್ಪನ ದಂಡು ಬಂತು ಎಂದು ಯಾರೋ ಮೆಲ್ಲಗೆ ಹೇಳಿದರು. ನಾನು ಗಂಭೀರವಾಗಿ ನಡೆದು ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ.

ಒಳಗಿನ ದೃಶ್ಯವನ್ನು ಹೇಗೆ ವರ್ಣಿಸಲಿ! ನೀರು ಕುಡಿದ ಎರೆಮಣ್ಣು ಉಬ್ಬಿ ಉಬ್ಬಿ, ಪೀಠಗಳೆಲ್ಲ ಎಣ್ಣೆಗೆ ಬಿಟ್ಟ ಪೂರಿಗಳಂತಾಗಿದ್ದವು. ತಂತಿಗಳು ಸಡಿಲಾಗಿ, ಮದುವೆ ಊಟ ಜೋರಾದ ಬೀಗರಂತೆ ಇಡೀ ದಂಡು ಒಬ್ಬರ ಹೆಗಲಿಗೆ ಒಬ್ಬರು ಒರಗಿತ್ತು. ದಳಪತಿ ಕುದುರೆಯ ಸಮೇತ ಕೆಸರಿನಲ್ಲಿ ಮೊಳಕಾಲವರೆಗೆ ಹೂತಿದ್ದ.

ಖಾಜಾಸಾಬರು ಒಬ್ಬನನ್ನು ಎರಡು ಬೆರಳಲ್ಲಿ ಎತ್ತಿ ನಾಣ್ಯದ ಮೇಲಿಟ್ಟರು. ನಾಣ್ಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. “ಒತ್ತುವರಿ,” ಎಂದರು. ಇನ್ನೊಬ್ಬನನ್ನು ಇಟ್ಟರು. “ಇದೂ ಒತ್ತುವರಿ. ರೇವಪ್ಪ ಸರ, ಇದೇನ್ರಿ ನಾಕೂ ದಿಕ್ಕಿಗೆ ಹದ್ದು ಮೀರೇತಲ್ರಿ?”

“ಖಾಜಾಸಾಬ್ರ, ಒಂದ ತಾಸ ಟೈಮ್ ಕೊಡ್ರಿ. ಒಣಗಿದ್ರ ಕರೆಕ್ಟ್ ರೂಪಾಯಿ ಆಗತಾವ. ಲೆಕ್ಕಾ ಹಾಕೇನಿ.”

ಅವರು ಹುಲಿಗೆವ್ವನ ಕಡೆ ನೋಡಿದರು. “ಕೊಟ್ಟೆ,” ಎಂದರು.

ದಂಡು ಗೋದಾಮಿನ ಮಾಳಿಗೆ ಏರಿತು. ಎಲ್ಲರೂ ಕೆಳಗೆ ಕುಳಿತು ರೊಟ್ಟಿ, ಪುಂಡಿಪಲ್ಯ ಊಟ ಮಾಡಿದರು. ನಾನು ರೊಟ್ಟಿ ಕೈಯಲ್ಲಿ ಹಿಡಿದು ಮಾಳಿಗೆಯ ಮೆಟ್ಟಿಲು ನೋಡುತ್ತ ಕುಳಿತೆ. ಹುಲಿಗೆವ್ವ ಕೂಡ ರೊಟ್ಟಿ ಮುರಿದು ಮುರಿದು ಇಡುತ್ತಿದ್ದಳು. “ಅಣ್ಣಾರ, ನಿಂದರತಾವಲ್ಲ?” ಎಂದು ಒಮ್ಮೆ ಕೇಳಿದಳು. “ನಿಂದರತಾವ ತಂಗೆವ್ವ” ಎಂದೆ. ನನ್ನ ಧ್ವನಿ ನನಗೇ ನಂಬಿಕೆ ಬರುವಂತಿರಲಿಲ್ಲ.

ಊಟ ಮುಗಿಸಿ ಎಲ್ಲರೂ ಮಾಳಿಗೆ ಹತ್ತಿದೆವು. ಖಾಜಾಸಾಬರು ಉರಿಬಿಸಿಲಲ್ಲಿ ಮೊಳಕಾಲೂರಿ ಕುಳಿತು ನಾಣ್ಯ ತೆಗೆದರು. ಮೊದಲನೆಯವನು: “ಬರೋಬ್ಬರಿ!” ಎಲ್ಲರೂ ಚಪ್ಪಾಳೆ ಹೊಡೆದರು. ಎರಡನೆಯವನು: “ಬರೋಬ್ಬರಿ!” ನಾನು ಗುರುಲಿಂಗಪ್ಪನ ಬೆನ್ನು ಚಪ್ಪರಿಸಿದೆ. ಹೀಗೆ ಒಂದು ಸಾಲು ಮುಗಿಯಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲಿನಲ್ಲಿ ‘ಟಿಕ್’ ಎಂದು ಸಣ್ಣ ಸದ್ದಾಯಿತು. ತಿರುಗಿ ನೋಡಿದೆವು. ಮೊದಲನೆಯವನ ಪೀಠ ಎರಡು ಹೋಳಾಗಿತ್ತು. ಇನ್ನೊಂದು ‘ಟಿಕ್’. ಅಂಚುಗಳು ಹಪ್ಪಳದಂತೆ ಮೇಲೆ ಸುರುಳಿ ಏಳುತ್ತಿದ್ದವು. ನೆರಳಲ್ಲಿ ವಾರಗಟ್ಟಲೆ ಆರಿದ್ದು ಒಂದು ತಾಸಿನಲ್ಲಿ ಆರಬೇಕೆಂದರೆ ಮಣ್ಣಾದರೂ ಏನು ಮಾಡೀತು?

“ಅಲ್ರೀ,” ಎಂದರು ಖಾಜಾಸಾಬರು, ಬೆವರು ಒರೆಸಿಕೊಳ್ಳುತ್ತ, “ಮೂವತ್ತ ವರ್ಷ ಜಮೀನ ಅಳದೇನಿ. ಅಳಿಯೂದ್ರಾಗ ಅಳತಿ ಬದಲಾಗೂ ಜಮೀನ ಇದ ಮೊದಲ ನೋಡ್ರಿ!”

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಒಂದು ಹಲಗೆಯ ಮೇಲೆ ದಂಡನ್ನು, ಬಿದ್ದವರನ್ನೂ ಸೀಳಿದವರನ್ನೂ ಸೇರಿಸಿ, ಗಾಯಾಳುಗಳಂತೆ ಹೊತ್ತು ಕೆಳಗೆ ಇಳಿಸಿದೆವು. ಖಾಜಾಸಾಬರು ಮತ್ತೆ ಒಬ್ಬೊಬ್ಬನನ್ನೇ ಅಳೆದರು. ಕೊನೆಗೆ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ತಲೆ ಅಲ್ಲಾಡಿಸಿದರು.

ಗುರುಲಿಂಗಪ್ಪ ತಡೆಯಲಿಲ್ಲ. “ಬಿಡ್ರಿ ಖಾಜಾಸಾಬ್ರ! ಸತ್ತಾವನ ದಂಡೈತಿ. ಆ ತಂಗಿ ಇಂಡಿಯಿಂದ ಬಂದು ಕುಂತಾಳ. ಒಂದ ಆಟಕ್ಕ ಕಣ್ಣ ಮುಚ್ಚಿದ್ರ ಏನ ಗಂಟ ಹೋಗತೈತಿ?”

ಖಾಜಾಸಾಬರು ಕನ್ನಡಕ ತೆಗೆದರು. “ಗುರುಲಿಂಗಪ್ಪ, ನನ್ನ ಆನಿ ನೆನಪೈತೇನು? ಪೀಠದ ಅಂಚಿಗೆ ಬಣ್ಣಾ ದಪ್ಪ ಆಗೇತಂತ ಹೊರಗ ಹಾಕಿದಾ ಆ ಮಾನಪ್ಪ. ಬಣ್ಣಕ್ಕ! ಮೂರ ತಿಂಗಳ ಅವನ ಜೋಡಿ ಮಾತ ಬಿಟ್ಟಿದ್ದೆ. ಇವತ್ತ ಅಂವಾ ಇಲ್ಲಿ ಕುಂತಿದ್ರ, ತನ್ನ ದಂಡು ಅಂತ ಇದನ್ನ ಒಳಗ ಬಿಡ್ತಿದ್ದನೇನು? ಹೇಳು.”

ಗುರುಲಿಂಗಪ್ಪ ಬಗ್ಗಿ, ಬಿದ್ದ ಸೈನಿಕನೊಬ್ಬನನ್ನು ಎತ್ತಿಟ್ಟ.

“ಬಿಡ್ತಿರಲಿಲ್ಲ. ಈಗ ಅಂವಾ ಇಲ್ಲಂತ ನಾ ಬಿಟ್ರ, ಅಂವಾ ಇಲ್ಲಂತ ನಾನ ಒಪ್ಪಿದಂಗ ಆತು. ಅದು ನನ್ನ ಕೈಲೆ ಆಗೂದಿಲ್ಲ.” ಖಾಜಾಸಾಬರು ಕನ್ನಡಕ ಹಾಕಿಕೊಂಡು ಹುಲಿಗೆವ್ವನ ಕಡೆ ತಿರುಗಿದರು. “ತಂಗೆವ್ವ, ಮಾಫ್ ಮಾಡವಾ. ಈ ದಂಡ ಕಾದಾಕ ಬರೂದಿಲ್ಲ.”

ನಾನು ನೆಲ ನೋಡುತ್ತ ನಿಂತೆ. ಎಲ್ಲ ಕಡೆಯಿಂದಲೂ ನನ್ನದೇ ತಪ್ಪು. ಅವಳು ಕೇಳಿದ್ದು ಒಂದೇ ಒಂದು, ಅದನ್ನು ನಾನು ನೀರು ಹಾಕಿ ಕೆಡಿಸಿ, ಬಿಸಿಲಿಗಿಟ್ಟು ಒಡೆದೆ. ಕಲಿತ ವಿದ್ಯೆಯನ್ನೆಲ್ಲ ಆ ಕ್ಷಣ ಯಾರಾದರೂ ಕೇಳಿದ್ದರೆ ಡಬ್ಬಿಯ ಸಮೇತ ಕೊಟ್ಟುಬಿಡುತ್ತಿದ್ದೆ.

ಹುಲಿಗೆವ್ವ ಕುರ್ಚಿಯಿಂದ ಎದ್ದಳು. ಮೇಜಿನ ಹತ್ತಿರ ಬಂದಳು. “ಕಾದೂದು ಬ್ಯಾಡ್ರಿ,” ಎಂದಳು. “ನಾ ಕಾದೂದ ನೋಡಾಕ ಬಂದಿಲ್ಲ. ಬರೇ ನಿಂದರಾಕೂ ಕಾಯ್ದೆ ಐತೇನ್ರಿ?”

ಖಾಜಾಸಾಬರು ಯೋಚಿಸಿದರು. ಅವರು ಯಾವ ಪ್ರಶ್ನೆಗೂ ಯೋಚಿಸದೆ ಉತ್ತರ ಕೊಟ್ಟವರಲ್ಲ. “ಇಲ್ಲವಾ,” ಎಂದರು. “ನಿಂದರಾಕ ಮಾನಪ್ಪ ಯಾವ ಕಾಯ್ದೆನೂ ಮಾಡಿಲ್ಲ.”

ಮೇಜಿನ ಒಂದು ಬದಿಗೆ ನಾವು ಮಾನಪ್ಪನ ದಂಡನ್ನು ನಿಲ್ಲಿಸತೊಡಗಿದೆವು. ನಾನು, ಗುರುಲಿಂಗಪ್ಪ, ಸುಮಂಗಲಾ, ಎಲ್ಲರೂ ಬಗ್ಗಿದೆವು. ಸೀಳಿದ ಪೀಠಗಳನ್ನು ಒಂದಕ್ಕೊಂದು ಒತ್ತರಿಸಿ, ಒಬ್ಬನಿಗೆ ಒಬ್ಬನನ್ನು ಆನಿಸಿ, ಉಸಿರು ಬಿಗಿಹಿಡಿದು ಕೆಲಸ ಮಾಡಿದೆವು. ಒಬ್ಬ ಕಂಪೌಂಡರ್ ಸೀನಿದ. ಇಡೀ ಎಡಪಾರ್ಶ್ವ ಉರುಳಿತು. ಯುದ್ಧಕ್ಕೆ ಮೊದಲೇ ಇಷ್ಟು ಜನ ಹುತಾತ್ಮರಾದದ್ದು ಯಾವ ಚರಿತ್ರೆಯಲ್ಲೂ ಇಲ್ಲ! ಅವರನ್ನು ಮತ್ತೆ ಎಬ್ಬಿಸಿದೆವು. ಖಾಜಾಸಾಬರು ಯಾರನ್ನೂ ಕೇಳದೆ ತಮ್ಮ ಚೀಲ ಬಿಚ್ಚಿ, ತಮ್ಮ ಹಂಪಿಯ ದಂಡನ್ನು ಎದುರು ಬದಿಗೆ ನಿಲ್ಲಿಸುತ್ತ ಬಂದರು. “ಎದುರಿಗೆ ಯಾರೂ ಇಲ್ಲಂದ್ರ ಅದು ದಂಡಲ್ಲ, ಗೊಂಬಿ ಅಂಗಡಿ,” ಎಂದು ಗೊಣಗಿದರು.

ಕೊನೆಗೆ ಎಲ್ಲರೂ ನಿಂತರು. ಸ್ವಲ್ಪ ಸೊಟ್ಟ, ಆದರೂ ನಿಂತರು. ಹಾಲಿನಲ್ಲಿ ಫ್ಯಾನನ್ನೂ ಬಂದ್ ಮಾಡಿದ್ದರು.

ಹುಲಿಗೆವ್ವ ಬಗ್ಗಿ ಒಬ್ಬೊಬ್ಬನ ಮುಖ ನೋಡಿದಳು. ಆಮೇಲೆ ಕಾಲ ಕೆಳಗೆ ನೋಡಿದಳು. ಬಿರುಕಿನ ಪಕ್ಕ ಬಿರುಕು ಕೂಡಿ ಮೇಜಿನ ಆ ಬದಿಯೆಲ್ಲ ಒಂದೇ ನೆಲವಾಗಿ ಕಾಣುತ್ತಿತ್ತು. ಅವಳು ಬೆರಳ ತುದಿಯಿಂದ ಒಂದು ಚೂರು ಮುಟ್ಟಿದಳು.

“ಇದು ನಮ್ಮ ಹೊಲದ ಮಣ್ಣಲ್ಲೇನ್ರಿ?”

“ಹೌದು ತಂಗೆವ್ವ.”

“ಬ್ಯಾಸಗ್ಯಾಗ ಹಿಂಗ ಇರತೈತಿ. ಬರೋಬ್ಬರಿ ಹಿಂಗ.”

ನೋಡಿ, ಮನುಷ್ಯನ ಅಹಂಕಾರ ಎಂಥ ಕೆಟ್ಟ ಬಿತ್ತನೆ ಬೀಜ! ಅಷ್ಟಾದರೂ ನನ್ನೊಳಗೆ ಅದು ಪಟ್ಟನೆ ಮೊಳಕೆ ಒಡೆಯಿತು. ಗಂಟಲು ಸರಿ ಮಾಡಿಕೊಂಡು, “ಅದಕ್ಕಂತನ ಈ ಕೆಲಸಾ ನಾನ ಮಾಡಬೇಕಂತ ಹಟಾ ಹಿಡದೆ, ತಂಗೆವ್ವ,” ಎಂದೆ.

ಅವಳ ಮುಖ ಏನೋ ಆಯಿತು. ಅಳುತ್ತಾಳೆಂದು ಸುಮಂಗಲಾ ಮುಂದೆ ಬಂದಳು. ಆದರೆ ಹುಲಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು, ಮೈಯೆಲ್ಲ ನಗು. ಮೇಜು ಅಲುಗೀತೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತು ನಕ್ಕಳು.

“ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಸೊಲ್ಲಾಪುರದಾಗ ಅವ್ರು ನನಗ ಒಂದ ಮಾತ ಹೇಳಿದ್ರು. ‘ಡಬ್ಬಿ ಯಾರಿಗೆ ಬೇಕಾದ್ರ ಕೊಡು, ರೇವಪ್ಪನ ಕೈಯಾಗ ಮಾತ್ರ ಪೀಠಾ ಕಟ್ಟಾಕ ಕೊಡಬ್ಯಾಡ. ಅಂವಾ ಸತ್ಯಾನಾಸ ಮಾಡ್ತಾನ’ ಅಂದ್ರು.”

ಖಾಜಾಸಾಬರು ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿದರು.

“ಮತ್ತ ಯಾಕ ಕೊಟ್ಟಿ ತಂಗೆವ್ವ?” ಎಂದೆ.

“ಹಂಗ ಅಂದು ಅವ್ರು ಭಾಳ ನಕ್ರು ಅಣ್ಣಾರ. ಮೂಗಿಗೆ ನಳಿ ಹಾಕಿದ್ರು, ಆದ್ರೂ ನಕ್ರು. ಆ ದವಾಖಾನ್ಯಾಗ ಅವ್ರು ನಕ್ಕಿದ್ದು ಅದೊಂದ ಸಲ. ಏನ ಕಂಡು ಅಷ್ಟ ನಕ್ರೋ, ನಾನೂ ಒಂದ್ಸಲ ನೋಡಬೇಕಂತ ನಿಮಗ ಕೊಟ್ಟೆ.”